ನಮ್ಮ ಎಂಜಲೆಲೆ ಯಾರ ಊರಿಗೆ?

ಚಿಕಲಠಾಣಾದಿಂದ ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ಬರೆದ ಕಾಗದ ಈಚೆಗೆ ನಮ್ಮ ಕೈಸೇರಿತು. ಮುಂಬಯಿಯಲ್ಲಿ ಹಲವು ವರ್ಷ ಹೊಟೇಲು ಚಾಕರಿ ಮಾಡಿ, ಈಗ ಛತ್ರಪತಿ ಸಂಭಾಜಿನಗರದ ಆ ಭಾಗದಲ್ಲಿ ಅಡಿಗೆ ಕೆಲಸದಲ್ಲಿರುವವರು. ಕಾಗದದಲ್ಲಿ ಸಂಬಳದ ಮಾತಿಲ್ಲ, ರಜೆಯ ಮಾತಿಲ್ಲ. ಇರುವುದೆಲ್ಲ ಕಸದ ಮಾತು. ಘಂಟಾಗಾಡಿಯವನು ಓಲಾ-ಸೂಕಾ ಬೆರೆತ ಕಸ ಒಯ್ಯುವುದಿಲ್ಲವೆನ್ನುತ್ತಾನೆ. ಮಾಲಿಕರು ಬೇರೆ ಮಾಡಿಡು ಎಂದು ಕ್ಲೀನರ್ ಹುಡುಗನಿಗೆ ಅಪ್ಪಣೆ ಕೊಡುತ್ತಾರೆ. ಆತ ರಾತ್ರಿ ಪಾತ್ರೆ ತೊಳೆದು ಮುಗಿಸಿದ ಮೇಲೆ ಬರಿಗೈಯನ್ನು ಡ್ರಮ್ಮಿನೊಳಗೆ ಇಳಿಸಿ ಎಲೆ ಬೇರೆ, ಚೀಲ ಬೇರೆ, ಒಡೆದ ಗ್ಲಾಸು ಬೇರೆ ಎಂದು ಹೆಕ್ಕುತ್ತಾನೆ. ಒಂದು ದಿನ ಗ್ಲಾಸಿನ ಚೂರು ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು, ನಾಲ್ಕು ದಿನ ಕೆಲಸ ತಪ್ಪಿತು, ಸಂಬಳವೂ ತಪ್ಪಿತು. ಇದು ಯಾರ ಕೆಲಸ, ಯಾರ ಹೊಣೆ ಎಂದು ಅವರು ಕೇಳಿದ್ದಾರೆ.

ಒಂದು ಸಾಲಿನಲ್ಲಿ ಉತ್ತರ ಬರೆದು ಕಳಿಸಬಹುದಿತ್ತು. ಆದರೆ ಕಾಗದ ಬಂದದ್ದು ಚಿಕಲಠಾಣಾದಿಂದ. ಕಸದ ವಿಷಯದಲ್ಲಿ ಆ ಊರಿನ ಸುತ್ತಮುತ್ತ ನಡೆದುದನ್ನು ತಿಳಿಯದೆ ಉತ್ತರ ಕೊಡುವುದು ಸರಿಯಲ್ಲವೆಂದು ನಮಗೆ ತೋರಿತು.

ಚಿಕಲಠಾಣಾ ಎಂದರೆ ಆ ಪಟ್ಟಣದ ಕಾರ್ಖಾನೆಗಳ ವಸಾಹತು, ವಿಮಾನ ನಿಲ್ದಾಣ. ಪಕ್ಕದಲ್ಲಿ ಸುಖನಾ ನದಿ. ಬೀದರ, ಕಲಬುರ್ಗಿ, ರಾಯಚೂರಿನವರಿಗೆ ಅದು ಪರಸ್ಥಳವೇನೂ ಅಲ್ಲ. 1956ರ ನವೆಂಬರ್ 1ರವರೆಗೆ ಔರಂಗಾಬಾದೂ ನಮ್ಮ ಈ ಮೂರು ಜಿಲ್ಲೆಗಳೂ ಒಂದೇ ಹೈದರಾಬಾದು ಸಂಸ್ಥಾನದಲ್ಲಿದ್ದುವು. ಚಿಕಲಠಾಣಾಕ್ಕೆ ತಾಗಿದಂತೆ ನಾರೇಗಾವ್ ಎಂಬ ಹಳ್ಳಿ. ಪಟ್ಟಣದ ಕಸವೆಲ್ಲ ಮೂರು ದಶಕಕ್ಕೂ ಮೀರಿ ಬಂದು ಬಿದ್ದದ್ದು ಆ ನಾರೇಗಾವಿನಲ್ಲಿ. ಹಸಿ, ಒಣ, ಗಾಜು, ಔಷಧದ ಶೀಸೆ, ಸತ್ತ ನಾಯಿ ಎಲ್ಲವೂ ಒಂದೇ ರಾಶಿ. ರಾಶಿ ಗುಡ್ಡವಾಯಿತು, ಗುಡ್ಡದಿಂದ ಕರಿನೀರು ಇಳಿಯಿತು, ಬೇಸಿಗೆಯಲ್ಲಿ ಹೊಗೆ ಎದ್ದಿತು. ಹಳ್ಳಿಯವರು ಅರ್ಜಿ ಕೊಟ್ಟರು, ಮತ್ತೆ ಕೊಟ್ಟರು. ಅರ್ಜಿಗಳೂ ಕಸದಂತೆಯೇ ಎಲ್ಲೋ ಒಂದು ಕಡೆ ರಾಶಿ ಬಿದ್ದಿರಬೇಕು.

2018ರ ಫೆಬ್ರವರಿ ನಡುವಿನಲ್ಲಿ ಹಳ್ಳಿಯವರು ದಾರಿಗೆ ಅಡ್ಡ ನಿಂತರು. ಇನ್ನು ಒಂದು ಗಾಡಿಯೂ ಒಳಗೆ ಬರಕೂಡದೆಂದರು. ಬೊಂಬಾಯಿ ಹೈಕೋರ್ಟಿನ ಔರಂಗಾಬಾದ್ ಪೀಠವೂ ನಾರೇಗಾವಿಗೆ ಕಸ ಒಯ್ಯಕೂಡದೆಂದು ತಡೆಯಿತು. ದಿನಕ್ಕೆ ನಾನೂರು ಟನ್ನಿಗೂ ಮಿಕ್ಕಿ ಕಸ ಹೊರಬೀಳುವ ಪಟ್ಟಣ. ಅದು ಹೋಗುವ ದಾರಿ ಒಂದೇ ರಾತ್ರಿಯಲ್ಲಿ ಮುಚ್ಚಿತು. ಗಲ್ಲಿಗಳಲ್ಲಿ, ಚೌಕಗಳಲ್ಲಿ, ಶಾಲೆಗಳ ಗೋಡೆಯ ಬುಡದಲ್ಲಿ ಕಸ ನಿಂತಿತು. ನಗರಪಾಲಿಕೆ ಬೇರೆ ಜಾಗ ಹುಡುಕಿತು. ಹುಡುಕಿದ ಜಾಗವೂ ಇನ್ನೊಂದು ಹಳ್ಳಿಯೇ. ಮಾರ್ಚ್ 7ರಂದು ಮಿಟ್ಮಿಟಾ ಎಂಬಲ್ಲಿಗೆ ಪೋಲೀಸ್ ಕಾವಲಿನಲ್ಲಿ ಕಸದ ಗಾಡಿಗಳು ಹೊರಟುವು, ಹಳ್ಳಿಯವರು ಕಲ್ಲು ತೂರಿದರು, ಗಾಡಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು. ಪೋಲೀಸರು ಮನೆಗಳಿಗೆ ನುಗ್ಗಿ ಹೊಡೆದ ಚಿತ್ರಗಳನ್ನು ನಾಡೆಲ್ಲ ನೋಡಿತು. ಪೋಲೀಸ್ ಕಮಿಶನರರನ್ನು ರಜೆಯ ಮೇಲೆ ಕಳುಹಿಸಲಾಯಿತು. ನಗರಪಾಲಿಕೆಯ ಕಮಿಶನರರಿಗೆ ವರ್ಗವಾಯಿತು. ಅಧಿಕಾರಿಗಳು ಹೋದರು, ಕಸ ಹೋಗಲಿಲ್ಲ.

ಆ ಗಲಭೆಯ ಮೇಲೆ ಪಟ್ಟಣಕ್ಕೆ ಬುದ್ಧಿ ಬಂತೆನ್ನಬೇಕು. ಕಸವನ್ನು ಒಂದೇ ಕಡೆ ಸುರಿಯುವುದನ್ನು ಬಿಟ್ಟು ನಾಲ್ಕು ಕಡೆ ಹಂಚಿ ಸಂಸ್ಕರಿಸುವ ಯೋಜನೆ ಬಂತು. ಪಡೇಗಾವ್, ಹರ್ಸೂಲ್, ಕಾಂಚನವಾಡಿ, ಮತ್ತು ನಮ್ಮ ಮಿತ್ರರು ಕಾಗದ ಬರೆದ ಈ ಚಿಕಲಠಾಣಾ. ಚಿಕಲಠಾಣಾದಲ್ಲಿ ಎದ್ದದ್ದು ದಿನಕ್ಕೆ 150 ಟನ್ನಿನ ಲೆಕ್ಕದ ಕೇಂದ್ರ. ಕಾಂಚನವಾಡಿಯದು ಹಸಿಕಸದಿಂದ ಅನಿಲ ತೆಗೆಯುವ 30 ಟನ್ನಿನದು. ಮನೆಮನೆಯ ಕಸ ಎತ್ತುವ ಗುತ್ತಿಗೆ 2019ರಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಸಿಕ್ಕಿತು. ಬೆಂಗಳೂರಾದರೂ ತನ್ನ ಕಸವನ್ನು ಮಂಡೂರಿನ ತಲೆಗೆ ಕಟ್ಟಿ, ಅಲ್ಲಿಯ ಜನ ರಸ್ತೆ ಕಟ್ಟಿ ಕೂತ ಮೇಲೆ, 2014ರ ಕೊನೆಗೆ ಕೈ ತೆಗೆದ ಪಟ್ಟಣ. ಪಾಠ ಕಲಿತವರೇ ಗುತ್ತಿಗೆ ಹಿಡಿದರೆಂದು ತಿಳಿದುಕೊಳ್ಳೋಣ.

ಪಾಠವಾದರೂ ಏನು? ಕೊಳೆಯುವ ಕಸ, ಕೊಳೆಯದ ಕಸ ಎರಡನ್ನೂ ಬೆರೆಸಿದ ಗಳಿಗೆಯಲ್ಲೇ ಎರಡೂ ಕೆಡುತ್ತವೆ. ಆಮೇಲೆ ಎಂಥ ಯಂತ್ರ ತಂದರೂ ಅರ್ಧ ಕೆಲಸ ಕೆಟ್ಟಂತೆಯೇ. ನಮ್ಮ ಊರ ಕಡೆಯ ಹಿತ್ತಿಲಿನ ಗೊಬ್ಬರದ ಗುಂಡಿಯನ್ನು ನೆನೆದುಕೊಳ್ಳಿ. ಘಟ್ಟದ ಮೇಲಿನವರು ತಿಪ್ಪೆಯನ್ನು ನೆನೆಯಲಿ. ಸೊಪ್ಪು, ಸೆಗಣಿ, ಬೂದಿ, ತರಕಾರಿ ಸಿಪ್ಪೆ, ಉಂಡ ಎಲೆ ಎಲ್ಲ ಬಿದ್ದು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪು ಮಣ್ಣಾಗಿ ಗದ್ದೆಗೆ ಹೋಗುತ್ತಿತ್ತು. ಅಲ್ಲಿ ನಾರುತ್ತಿರಲಿಲ್ಲವೆಂದಲ್ಲ, ಆದರೆ ಊರು ಬಿಟ್ಟು ಓಡುವಂತೆ ನಾರುತ್ತಿರಲಿಲ್ಲ. ಗುಂಡಿಗೆ ಗಾಳಿ ಸಿಗುತ್ತಿತ್ತು, ಒಣಸೊಪ್ಪು ಬೆರೆಯುತ್ತಿತ್ತು. ಗಾಳಿ ಸಿಕ್ಕ ಹಸಿಕಸವನ್ನು ಕಣ್ಣಿಗೆ ಕಾಣದ ಜೀವಿಗಳು ತಿನ್ನುತ್ತವೆ; ರಾಶಿಯ ಒಳಗೆ 55-60 ಡಿಗ್ರಿಯಷ್ಟು ಕಾವು ಏರುತ್ತದೆ; ಆ ಕಾವಿಗೆ ನೊಣದ ಹುಳು ಸಾಯುತ್ತವೆ; ಎರಡು ತಿಂಗಳ ಆಚೀಚೆ ಗೊಬ್ಬರವಾಗುತ್ತದೆ. ಅದೇ ಹಸಿಕಸವನ್ನು ಪ್ಲಾಸ್ಟಿಕ್ಕಿನ ನಡುವೆ ಸಿಕ್ಕಿಸಿ, ಅದರ ಮೇಲೆ ಹತ್ತಾಳು ಎತ್ತರ ಹೇರಿದರೆ ಗಾಳಿಯಿಲ್ಲದೆ ಕೊಳೆಯುತ್ತದೆ. ಆಗ ಹುಟ್ಟುವುದು ಮೀಥೇನ್ ಅನಿಲ. ಅದು ಹೊತ್ತಿಕೊಳ್ಳುವ ಅನಿಲ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯ ಕಾವನ್ನು ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೆಂಟು ಪಟ್ಟಿನಷ್ಟು ಹೆಚ್ಚಿಸುವ ಅನಿಲ. ಕೆಳಗೆ ಇಳಿಯುವ ಕರಿನೀರು ಬಾವಿಗೆ ಸೇರುತ್ತದೆ.

ಮುಂಬಯಿಯ ದೇವನಾರ್ ರಾಶಿ 1927ರಿಂದ ಬೆಳೆದದ್ದು. 2016ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದು ಹೊಗೆ ಪಟ್ಟಣವನ್ನೆಲ್ಲ ಮುಚ್ಚಿದ್ದು ವಾಚಕರಿಗೆ ನೆನಪಿರಬಹುದು. ಗೋವಂಡಿಯ ಖೋಲಿಗಳಲ್ಲಿರುವವರಿಗೆ ಮರೆಯುವಂತೆಯೇ ಇಲ್ಲ. ಅಲ್ಲಿ ಉರಿದದ್ದರಲ್ಲಿ ನಮ್ಮ ಹೊಟೇಲಿನ ಇಡ್ಲಿಯ ಪಾಲೂ ಉಂಟು.

ನಮ್ಮ ಊರಿನ ಮಾತು ಬಂತಾದ್ದರಿಂದ ಇದನ್ನೂ ಹೇಳಿಬಿಡಬೇಕು. ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ 2019ರ ಆಗಸ್ಟಿನ ಮಳೆಗೆ ಜಾರಿತು. ಜಾರಿ ಕೆಳಗಿನ ಮಂದಾರದ ಮನೆಗಳ ಮೇಲೆ, ಅಡಿಕೆ ತೋಟಗಳ ಮೇಲೆ, ದೈವದ ಸ್ಥಾನಗಳಿದ್ದ ನೆಲದ ಮೇಲೆ ಹರಿಯಿತು. ತುಳುವಿನಲ್ಲಿ ರಾಮಾಯಣ ಬರೆದ ಮಂದಾರ ಕೇಶವ ಭಟ್ಟರ ಊರು ಅದು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಮಣ್ಣು ಜಾರಿದರೆ ದೈವ ಮುನಿಯಿತು ಎನ್ನಬಹುದು; ಕಸ ಜಾರಿದ್ದಕ್ಕೆ ಯಾವ ದೈವದ ಮೇಲೆ ತಪ್ಪು ಹೊರಿಸುವುದು? ಮುಂಬಯಿಯಲ್ಲಿ ದುಡಿದು ಊರಲ್ಲಿ ಒಂದು ತುಂಡು ತೋಟ ಮಾಡಿಕೊಳ್ಳಬೇಕೆಂದು ಹಣ ಕೂಡಿಡುವವರು ನಾವು. ಆ ತೋಟದ ಮೇಲಿನ ಗುಡ್ಡದಲ್ಲಿ ಯಾರ ಕಸ ಕೂಡುತ್ತಿದೆಯೆಂದು ಕೇಳಿದ್ದೇವೆಯೇ?

ಇಷ್ಟಾದ ಮೇಲೆ ಹೊಟೇಲಿಗೆ ಬರೋಣ.

2016ರ ಏಪ್ರಿಲ್ 8ರಂದು ಹೊರಟ ಘನತ್ಯಾಜ್ಯ ನಿಯಮದಲ್ಲೇ ಹೊಟೇಲುಗಳ ವಿಷಯ ಬೇರೆಯಾಗಿ ಬರೆದಿತ್ತು. ಕಸವನ್ನು ಹುಟ್ಟಿದಲ್ಲೇ ಬೇರೆ ಮಾಡಬೇಕು. ಹಸಿಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಗೊಬ್ಬರವೋ ಅನಿಲವೋ ಮಾಡಬೇಕು. ದಿನಕ್ಕೆ ನೂರು ಕಿಲೋ ಮೀರಿ ಕಸ ಮಾಡುವವರು ದೊಡ್ಡ ಕಸಗಾರರು. 'ಹುಟ್ಟಿದಲ್ಲೇ' ಎಂಬ ಮಾತನ್ನು ವಾಚಕರು ಗಮನಿಸಬೇಕು. ಹುಟ್ಟಿದಲ್ಲೇ ಎಂದರೆ ಈರುಳ್ಳಿ ಹೆಚ್ಚುವ ಮಣೆಯ ಹತ್ತಿರ, ತೆಂಗಿನಕಾಯಿ ಒಡೆಯುವ ಮೂಲೆಯಲ್ಲಿ, ಎಂಜಲು ತಟ್ಟೆ ಬರುವ ಮೋರಿಯ ಬಾಯಲ್ಲಿ, ಪಾರ್ಸೆಲ್ ಕಟ್ಟುವ ಮೇಜಿನ ಕೆಳಗೆ. ರಾತ್ರಿ ಹನ್ನೊಂದರ ಮೇಲೆ, ಹಿಂಬಾಗಿಲಿನ ಕತ್ತಲಲ್ಲಿ, ತುಂಬಿದ ಡ್ರಮ್ಮಿನೊಳಗೆ ಎಂದು ನಿಯಮ ಹೇಳಿಲ್ಲ. ಬೆರೆಸುವುದು ಇಪ್ಪತ್ತು ಕೈ, ಬಿಡಿಸುವುದು ಎರಡು ಕೈ ಎಂಬುದು ಯಾವ ನ್ಯಾಯ? ಹೆಚ್ಚುವ ಭಟ್ಟರು ಸಿಪ್ಪೆಯ ಮೇಲೆಯೇ ಹಾಲಿನ ಖಾಲಿ ಚೀಲ ಎಸೆಯುತ್ತಾರೆ. ಟೇಬಲ್ ಒರೆಸುವವನು ಉಳಿದ ಸಾಂಬಾರಿನೊಳಗೆ ಕಾಗದದ ಕೈವಸ್ತ್ರ ಅದ್ದಿ ತಳ್ಳುತ್ತಾನೆ. ಗಲ್ಲೆಯ ಮೇಲಿನವರು ಬಿಲ್ಲಿನ ಚೂರು, ಬಡೆಸೋಪಿನ ಪುಡಿಕೆ ಒಂದೇ ಕಡೆ ಹಾಕುತ್ತಾರೆ. ಯಾರೂ ಕೆಟ್ಟವರಲ್ಲ; ಡ್ರಮ್ಮು ಒಂದೇ ಇದೆ, ಅಷ್ಟೆ. ಆದುದರಿಂದ ಮಾಲಿಕರಲ್ಲಿ ನಾವು ಮೊದಲು ಕೇಳಬೇಕಾದದ್ದು ಉಪದೇಶವಲ್ಲ, ಡ್ರಮ್ಮು. ಕೆಲಸ ನಡೆಯುವಲ್ಲೆಲ್ಲ ಎರಡೆರಡು. ಗಾಜಿಗೆ ಮುಚ್ಚಳವಿದ್ದ ಮೂರನೆಯದೊಂದು.

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಇದು ಹೊಸ ಪಾಠವಲ್ಲ. ಬ್ಲೋ ರೂಮಿನ ಕಸ ಬೇರೆ, ಕಾರ್ಡಿಂಗ್ ಖಾತೆಯಲ್ಲಿ ಬಿದ್ದ ಹತ್ತಿ ಬೇರೆ, ರಿಂಗ್ ಖಾತೆಯ ತುಂಡು ನೂಲು ಬೇರೆ. ನೆಲ ಗುಡಿಸಿದ್ದು ಕೂಡ ಬೇರೆ. ಬೇರೆ ಬೇರೆ ತೂಗಿ, ಬೇರೆ ಬೇರೆ ದರಕ್ಕೆ ಮಾರುತ್ತಿದ್ದರು; ಬೆರೆತಿತೋ ದರ ಬಿತ್ತು, ಜಾಬರನ ಬೈಗುಳ ಬಿತ್ತು. ಹತ್ತಿಯ ಧೂಳಿಗಿದ್ದ ಮರ್ಯಾದೆ ಅನ್ನದ ಎಂಜಲಿಗೆ ಏಕಿಲ್ಲ? ಗಿರಣಿಗಳು 1982ರ ಮುಷ್ಕರದ ಆಮೇಲೆ ಒಂದೊಂದಾಗಿ ಮುಚ್ಚಿದುವು. ಆ ಕಲಿತ ಕೈಗಳು ಚಾಳಗಳಲ್ಲಿ ಸುಮ್ಮನೆ ಕೂತಿವೆ. ಚಾಳದ ಕಸದ ಏರ್ಪಾಟಿಗೆ ಅವರಿಗಿಂತ ಒಳ್ಳೆಯ ಮೇಲ್ವಿಚಾರಕರು ಸಿಗಲಾರರು.

ಹೊಟೇಲಿನ ಹಸಿಕಸಕ್ಕೆ ಅದರದೇ ಕಷ್ಟಗಳುಂಟು. ನೀರು ಹೆಚ್ಚು. ಸಾಂಬಾರು, ಮಜ್ಜಿಗೆ, ಗಂಜಿ ಸೇರಿದರೆ ಗೊಬ್ಬರದ ಗುಂಡಿ ಕೆಸರಾಗುತ್ತದೆ. ಜಾಲರಿಯಲ್ಲಿ ಸೋಸಿ ನೀರು ಬಸಿಯದೆ ಹಾಕಬಾರದು, ಹಾಕಿದ ಮೇಲೆ ಒಣ ಎಲೆಯೋ ಮರದ ಹೊಟ್ಟೋ ತೆಂಗಿನ ನಾರಿನ ಪುಡಿಯೋ ಮೇಲೆ ಚೆಲ್ಲಬೇಕು. ಬಾಳೆಲೆ ಬೇಗ ಕರಗುತ್ತದೆ, ಆದರೆ ಹಾಳೆ ಹಾಳೆಯಾಗಿ ಒಂದರ ಮೇಲೊಂದು ಬಿದ್ದರೆ ಗಾಳಿ ಹೋಗದು; ಹರಿದು ಹಾಕಬೇಕು. ಕಾಫಿಯ ಚರಟ, ಚಹಾದ ಚರಟ ಚಿನ್ನದಂಥ ಗೊಬ್ಬರ. ತೆಂಗಿನ ಚಿಪ್ಪು ಕರಗಲು ವರ್ಷಗಳು ಬೇಕು. ಅದನ್ನು ಬೇರೆ ಇಟ್ಟರೆ ಕೊಳ್ಳುವವರಿದ್ದಾರೆ. ಕರಿದು ಕಪ್ಪಾದ ಎಣ್ಣೆಯನ್ನು ಮೋರಿಗೆ ಚೆಲ್ಲಿದರೆ ಪೈಪು ಕಟ್ಟುತ್ತದೆ. ಗುಂಡಿಗೆ ಚೆಲ್ಲಿದರೆ ಗೊಬ್ಬರ ಕೆಡುತ್ತದೆ. ಅದನ್ನು ಡಬ್ಬದಲ್ಲಿ ಕೂಡಿಟ್ಟರೆ ಡೀಸೆಲ್ ಮಾಡುವವರು ಒಯ್ಯುತ್ತಾರೆ. ನಾಸಿಕದಲ್ಲಿ ಹೊಟೇಲುಗಳ ಅಡಿಗೆಮನೆಯ ಕಸವನ್ನೂ ಶೌಚಗುಂಡಿಯ ಮಲವನ್ನೂ ಸೇರಿಸಿ ಅನಿಲ ತೆಗೆದು ಕರೆಂಟು ಮಾಡುವ ಕೇಂದ್ರವನ್ನು ಜರ್ಮನರ ನೆರವಿನಿಂದ 2017ರಲ್ಲಿ ಕಟ್ಟಿದರು. ಮಡಿಯವರು ಮೂಗು ಮುರಿದಾರು. ಆದರೆ ಕರೆಂಟಿಗೆ ಮಡಿ ಮೈಲಿಗೆ ಇಲ್ಲ.

ಕೊಳೆಯದ ಕಸದಲ್ಲಿ ಮೋಸದ ವೇಷಗಳು ಬಹಳ. ಕಾಗದದ ಕಪ್ಪು ಎಂದು ನಾವು ಚಹಾ ಕೊಡುವುದರ ಒಳಗೆ ತೆಳುವಾದ ಪ್ಲಾಸ್ಟಿಕ್ಕಿನ ಪೊರೆ ಇದೆ; ಇಲ್ಲದಿದ್ದರೆ ಚಹಾ ಸೋರಿಹೋಗದೇ? ಬೆಳ್ಳಿಯಂತೆ ಹೊಳೆಯುವ ಕಾಗದದ ತಟ್ಟೆಯೂ ಹಾಗೆಯೇ. ಕರಗುತ್ತದೆಯೆಂದು ಹೇಳಿ ಮಾರುವ ಚೀಲಗಳಲ್ಲಿ ಹೆಚ್ಚಿನವು ಕರಗುವುದು ದೊಡ್ಡ ಗೊಬ್ಬರ ಕಾರ್ಖಾನೆಯ ಕಾವಿನಲ್ಲಿ, ಗಟಾರದಲ್ಲಿ ಅಲ್ಲ. ಹಾಲಿನ ಚೀಲ, ನೀರಿನ ಬಾಟಲಿ, ಎಣ್ಣೆ ಡಬ್ಬ ತೊಳೆದು ಒಣಗಿಸಿದರೆ ಭಂಗಾರದವನು ಹಣ ಕೊಡುತ್ತಾನೆ. ಆದರೆ ಚಿಪ್ಸು, ಗುಟಕಾ, ಶಾಂಪೂ ಪುಡಿಕೆಗಳಿಗೆ, ಹಲವು ಪದರ ಅಂಟಿಸಿ ಮಾಡಿದ್ದಾದ್ದರಿಂದ, ಒಂದು ಕಾಸೂ ಇಲ್ಲ. ಭಂಗಾರದವನು ಮುಟ್ಟದ್ದು ಗಟಾರಕ್ಕೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದು ಮುಂಬಯಿ ಮುಳುಗಿದಾಗ ಗಟಾರಗಳ ಬಾಯಿ ಕಟ್ಟಿದ್ದರಲ್ಲಿ ಇಂಥ ಚೀಲಗಳೂ ಇದ್ದುವು. ಇನ್ನು ಹಸಿಕಸವನ್ನು ಚೆಂದಾಗಿ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಹಸಿರು ಡಬ್ಬಕ್ಕೆ ಹಾಕಿ, ಬೇರೆ ಮಾಡಿದೆವೆಂದು ಕೈ ತೊಳೆದುಕೊಳ್ಳುವವರುಂಟು. ನಮ್ಮ ಮನೆಗಳಲ್ಲೇ ಉಂಟು. ಆ ಗಂಟನ್ನು ಬಿಚ್ಚುವುದಕ್ಕೂ ಒಬ್ಬನ ಕೈಯೇ ಬೇಕೆಂಬುದು ಅವರಿಗೆ ಹೊಳೆದಿಲ್ಲ.

ಬರೆಯುವ ಕೈಗೂ ಕೆಸರು ಹತ್ತಿದೆ. ನಮ್ಮ ಸಂಘದ ಹಿಂದಿನ ವಾರ್ಷಿಕೋತ್ಸವದ ಮಾರನೆಯ ಬೆಳಿಗ್ಗೆ ಸಭಾಗೃಹದ ಹಿಂದೆ ಬಿದ್ದ ನೀರಿನ ಬಾಟಲಿ, ಥರ್ಮೋಕೋಲ್ ಅಕ್ಷರ, ಊಟದ ಎಲೆ, ಹಾರದ ನಾರು ಇವೆಲ್ಲ ಒಂದೇ ಗುಪ್ಪೆಯಾಗಿದ್ದುವು. ವೇದಿಕೆಯ ಮೇಲೆ ಕಾರ್ಮಿಕರ ಘನತೆಯನ್ನು ಕುರಿತು ನಾವು ಒಂದು ಗಂಟೆ ಮಾತಾಡಿದ್ದೆವು. ಹಿಂದೆ ಇಬ್ಬರು ಹೆಂಗಸರು ಆ ಗುಪ್ಪೆಯನ್ನು ಕೈಯಿಂದ ಹೆಕ್ಕುತ್ತಿದ್ದರು.

ಆ ಕೈಗಳ ಮಾತನ್ನು ಬಿಟ್ಟು ಕಸದ ಮಾತು ಮುಗಿಯದು. ಈ ಕೆಲಸ ಯಾವ ಜಾತಿಯವರ ತಲೆಗೆ ಕಟ್ಟಿದೆಯೆಂಬುದು ಎಲ್ಲರಿಗೂ ಗೊತ್ತು. ಹೇಳದಿದ್ದರೆ ಕಾಣದೆ ಹೋಗುವುದಿಲ್ಲ. ಹೊಟೇಲಿನೊಳಗೂ ಡ್ರಮ್ಮು ಮುಟ್ಟುವವನಿಗೆ ರಾತ್ರಿ ಮಲಗುವಾಗ ಚಾಪೆ ಸ್ವಲ್ಪ ದೂರ ಹಾಕಿಸುವ ಗೆಳೆಯರಿದ್ದಾರೆ. ಒಂದೇ ಸಂಘದ ಚೀಟಿ ಹಿಡಿದವರು! ಮುಂಬಯಿಯ ಕಸದ ಗಾಡಿಗಳ ಗುತ್ತಿಗೆ ಕೆಲಸಗಾರರು ಕಚರಾ ವಾಹತೂಕ್ ಶ್ರಮಿಕ್ ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದರು. 2014ರಲ್ಲಿ ಕೈಗಾರಿಕಾ ನ್ಯಾಯಮಂಡಳಿಯಲ್ಲಿ ಗೆದ್ದರು. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು 2,700 ಮಂದಿಯನ್ನು ಕಾಯಂ ಮಾಡಬೇಕೆಂದಿತು. ಮಾಲಿಕ ಯಾರೆಂದು ಕೇಳಿದರೆ ಪಾಲಿಕೆ ಗುತ್ತಿಗೆದಾರನನ್ನು ತೋರಿಸುತ್ತಿತ್ತು, ಗುತ್ತಿಗೆದಾರ ಪಾಲಿಕೆಯನ್ನು. ಹೊಟೇಲಿನವರಾದ ನಮಗೆ ಈ ಆಟ ಪರಿಚಿತವೇ.

ಮಹಾರಾಷ್ಟ್ರ ಸರಕಾರ 2018ರ ಜೂನ್ 23ರಿಂದ ಪ್ಲಾಸ್ಟಿಕ್ ನಿಷೇಧ ಜಾರಿ ಮಾಡಿದಾಗ ಮೊದಲ ತಪ್ಪಿಗೆ 5,000 ರೂಪಾಯಿ ದಂಡವಿತ್ತು. ಕೆಲವು ಕಡೆ ಆ ದಂಡ ಪಾರ್ಸೆಲ್ ಕಟ್ಟಿದವನ ಸಂಬಳದಿಂದ ಕಡಿತವಾಯಿತೆಂದು ಆಗ ನಮಗೆ ದೂರು ಬಂದಿತ್ತು. ಚೀಲ ಕೊಂಡು ತಂದವರು ಯಾರು, ದಂಡ ಕಟ್ಟಿದವರು ಯಾರು! ಕಸದ ವಿಷಯದಲ್ಲೂ ಅದೇ ಆದೀತೆಂಬ ಭಯ ನಮಗಿದೆ. ಬೆರೆತ ಕಸಕ್ಕೆ ಪಾಲಿಕೆ ಹಾಕುವ ದಂಡ ಕ್ಲೀನರನ ತಲೆಗೆ ಬಾರದಂತೆ ಈಗಲೇ ನೋಡಿಕೊಳ್ಳಬೇಕು.

ಚಿಕಲಠಾಣಾದ ಸದಸ್ಯರಿಗೆ ನಮ್ಮ ಉತ್ತರ ಹೀಗಿದೆ. ಕಸ ಬೇರೆ ಮಾಡುವುದು ಎಲ್ಲರ ಕೆಲಸ. ಬೆರೆತ ಕಸವನ್ನು ಬಿಡಿಸುವುದು ಯಾರ ಕೆಲಸವೂ ಅಲ್ಲ, ಏಕೆಂದರೆ ಅದು ಬೆರೆಯಲೇಬಾರದು. ಎರಡು ಡ್ರಮ್ಮು ಕೇಳಿ; ಕೊಡುವವರೆಗೆ ಹಳೆಯ ಎಣ್ಣೆ ಡಬ್ಬದ ಬಾಯಿ ಕೊರೆದು ನೀವೇ ಇಡಿ, ಭಟ್ಟರೇ ಮೊದಲಿಟ್ಟರೆ ಉಳಿದವರು ಇಡುತ್ತಾರೆ. ಕ್ಲೀನರನಿಗೆ ರಬ್ಬರಿನ ಕೈಗವಸು ಕೇಳಿ. ಕಸ ಹೊರಗೆ ಒಯ್ದು ಗಾಡಿಗೆ ಕೊಡುವ ಹೊತ್ತು ಕೆಲಸದ ಗಂಟೆಯೊಳಗೆ ಬರಬೇಕು. ಭಂಗಾರ ಮಾರಿದ ಹಣದ ಲೆಕ್ಕ ಗೋಡೆಯ ಮೇಲೆ ಬರೆದಿಡಲಿ, ಅದರಲ್ಲಿ ಡ್ರಮ್ಮು ಮುಟ್ಟುವವರಿಗೆ ಪಾಲಿರಲಿ. ಹೆಬ್ಬೆರಳು ಕುಯ್ದುಕೊಂಡ ಆ ಹುಡುಗನ ನಾಲ್ಕು ದಿನದ ಸಂಬಳವನ್ನು ಮಾಲಿಕರಿಂದ ಕೇಳಲು ಸಂಘದ ಕಾಗದ ನಿಮ್ಮ ಹೆಸರಿಗೆ ಹೊರಟಿದೆ. ಒಪ್ಪದಿದ್ದರೆ ತಿಳಿಸಿ.

ಇದೇ ಕೇಳಿಕೆಗಳನ್ನು ಮುಂಬಯಿಯ ಹೊಟೇಲು ಮಾಲಿಕರ ಮುಂದೆ ಇಡುವ ವಿಚಾರ ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ಬರಲಿದೆ. ಅದಕ್ಕೆ ಮುಂಚೆ ನಮ್ಮ ಕೈಯಲ್ಲಿ ಲೆಕ್ಕವಿರಬೇಕು. ನಿಮ್ಮ ಹೊಟೇಲಿನಲ್ಲಿ ಡ್ರಮ್ಮು ಎಷ್ಟು, ಕಸ ಬೇರೆ ಮಾಡುವವರು ಯಾರು, ಎಷ್ಟು ಹೊತ್ತಿಗೆ, ಕೈಗವಸು ಇದೆಯೋ ಇಲ್ಲವೋ, ಗಾಡಿ ಒಯ್ದ ಮೇಲೆ ಎರಡೂ ಕಸ ಮತ್ತೆ ಒಂದೇ ಕಡೆ ಸುರಿಯುವುದನ್ನು ಕಣ್ಣಾರೆ ನೋಡಿದ್ದೀರೋ ಎಂದು ವಾಚಕರು ಒಂದು ಕಾರ್ಡಿನಲ್ಲಿ ಬರೆದು ಕಳಿಸಬೇಕು. ಹೊಟೇಲಿನ ಹೆಸರನ್ನಾಗಲಿ ಬರೆದವರ ಹೆಸರನ್ನಾಗಲಿ ಅಚ್ಚು ಹಾಕುವುದಿಲ್ಲ.